ತಿಳಿನೀರಿನಲ್ಲೂ ಮೀನು ಸಾಯುವುದೇಕೆ?

ಪ್ರ: ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಅಕ್ವೇರಿಯಂ ತಂದು ಬೋರ್‌ವೆಲ್ ನೀರು ತುಂಬಿಸಿ, ಎರಡು ದಿನ ಫಿಲ್ಟರ್ ಓಡಿಸಿ ಆರು ಗೋಲ್ಡ್‌ಫಿಶ್ ಬಿಟ್ಟೆ. ಹತ್ತು ದಿನದಲ್ಲಿ ಐದು ಸತ್ತವು. ನೀರು ಈಗಲೂ ತಿಳಿಯಾಗಿಯೇ ಇದೆ. ತಪ್ಪೆಲ್ಲಾಯಿತು?
– ಓದುಗರು, ತುಮಕೂರು

ಉ: ನೀರು ತಿಳಿಯಾಗಿತ್ತು, ತೊಟ್ಟಿ ಹದಕ್ಕೆ ಬಂದಿರಲಿಲ್ಲ. ಮೀನು ಕಿವಿರಿನಿಂದ ಸದಾ ಅಮೋನಿಯಾ ಬಿಡುತ್ತಿರುತ್ತದೆ. ಮಿಕ್ಕ ತಿಂಡಿ ಕೊಳೆತರೂ ಅದೇ ಹುಟ್ಟುತ್ತದೆ. ಬಣ್ಣವಿಲ್ಲದ್ದರಿಂದ ಕಣ್ಣಿಗೆ ಬೀಳುವುದಿಲ್ಲ. ಹಳೆಯ ತೊಟ್ಟಿಯಾದರೆ ಸ್ಪಂಜು, ಜಲ್ಲಿಗೆ ಅಂಟಿಕೊಂಡ ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತವೆ, ಇನ್ನೊಂದು ಬಗೆಯವು ನೈಟ್ರೈಟನ್ನು ನೈಟ್ರೇಟ್ ಮಾಡುತ್ತವೆ. ನೈಟ್ರೇಟನ್ನು ಮೀನು ಒಂದು ಮಟ್ಟದವರೆಗೆ ತಾಳಿಕೊಳ್ಳುತ್ತದೆ. ಮೊದಲೆರಡು ಮಾತ್ರ ವಿಷವೇ. ಅಮೋನಿಯಾ ಕಿವಿರನ್ನು ಸುಡುತ್ತದೆ. ನೈಟ್ರೈಟ್ ರಕ್ತಕ್ಕಿಳಿದು ಆಮ್ಲಜನಕ ಹೊರದಂತೆ ಮಾಡುತ್ತದೆ. ಆಗಷ್ಟೇ ಸತ್ತ ಮೀನಿನ ಕಿವಿರು ಎತ್ತಿ ನೋಡಿ, ಕೆಂಪಿನ ಬದಲು ಕಂದು ಬಣ್ಣವಿದ್ದರೆ ನೈಟ್ರೈಟನ್ನೇ ಅನುಮಾನಿಸಬೇಕು. ಈ ಎರಡೂ ಬ್ಯಾಕ್ಟೀರಿಯಾ ನೆಲೆಯೂರಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ತೊಟ್ಟಿ ಹೀಗೆ ಹದಕ್ಕೆ ಬರುವುದನ್ನೇ ‘ಸೈಕಲ್’ ಎನ್ನುತ್ತಾರೆ. ನೀವು ಕೊಟ್ಟದ್ದು ಎರಡು ದಿನ.

ಬೋರ್‌ವೆಲ್ ನೀರಿನ ಪಿಎಚ್ (ಆಮ್ಲ-ಕ್ಷಾರದ ಅಳತೆ) ಎಷ್ಟೋ ಕಡೆ 8ರ ಸುತ್ತಮುತ್ತ ಇರುತ್ತದೆ. ಅಮೋನಿಯಾ ಅಷ್ಟೇ ಇದ್ದರೂ, ಪಿಎಚ್ 7ರಲ್ಲಿ ಇರುವುದಕ್ಕಿಂತ 8ರಲ್ಲಿ ಅದರ ವಿಷದ ಭಾಗ ಹೆಚ್ಚುಕಡಿಮೆ ಹತ್ತು ಪಟ್ಟು. ಉಳಿದ ಒಂದು ಮೀನಿಗಾಗಿ ದಿನವೂ ಮೂರನೇ ಒಂದು ಭಾಗ ನೀರು ಬದಲಿಸಿ, ಎರಡು ದಿನಕ್ಕೊಮ್ಮೆ ಚಿಟಿಕೆ ತಿಂಡಿ ಹಾಕಿ. ಆರು ಗೋಲ್ಡ್‌ಫಿಶ್‌ಗೆ ಆ ತೊಟ್ಟಿ ಮುಂದೆಯೂ ಸಾಲದು.

ಪ್ರ: ಮೀನು ಬಿಡದೆಯೇ ಸೈಕಲ್ ಮಾಡಬಹುದಂತೆ. ಅಮೋನಿಯಾ ಎಲ್ಲಿಂದ ತರುವುದು, ಎಷ್ಟು ಹಾಕುವುದು?
– ಓದುಗರು, ಹುಬ್ಬಳ್ಳಿ

ಉ: ಅಮೋನಿಯಂ ಕ್ಲೋರೈಡ್ ತನ್ನಿ. ಪಾತ್ರೆಗೆ ಕಲಾಯಿ ಹಾಕುವವರು ಬಳಸುವ ನವಸಾಗರ ಇದೇ. ಆದರೆ ಅಂಗಡಿಯ ಗಟ್ಟಿಯಲ್ಲಿ ಕಲಬೆರಕೆ ಇರಬಹುದು, ಪ್ರಯೋಗಾಲಯದ ದರ್ಜೆಯದ್ದೇ ಬೇಕು. 3 ಗ್ರಾಂ ಪುಡಿಯನ್ನು ನೀರಿನಲ್ಲಿ ಕರಗಿಸಿ 100 ಮಿಲೀ ಮಾಡಿಟ್ಟುಕೊಳ್ಳಿ. ಎರಡಡಿ ತೊಟ್ಟಿಯಲ್ಲಿ ಜಲ್ಲಿ ಕಳೆದು 50 ಲೀಟರ್ ನೀರು ಹಿಡಿಯುತ್ತದೆ ಎಂದುಕೊಂಡರೆ, ಸಿರಿಂಜಿನಲ್ಲಿ 10 ಮಿಲೀ ಹಾಕಿದಾಗ ಅಮೋನಿಯಾ 2 ಪಿಪಿಎಂ (ಲೀಟರಿಗೆ 2 ಮಿಲಿಗ್ರಾಂ) ಆಗುತ್ತದೆ. ಇದಕ್ಕಿಂತ ಹೆಚ್ಚು ಸುರಿದರೆ ಬೇಗ ಆಗುವುದಿಲ್ಲ, ತಡವೇ ಆಗುತ್ತದೆ.

ಫಿಲ್ಟರ್ ಹಗಲೂ ರಾತ್ರಿ ಓಡಲಿ. ಎರಡು ದಿನಕ್ಕೊಮ್ಮೆ ದ್ರವದ ಟೆಸ್ಟ್ ಕಿಟ್‌ನಲ್ಲಿ ನೋಡಿ. ಸಾಮಾನ್ಯ ಕಿಟ್‌ಗಳಲ್ಲಿ ಅಮೋನಿಯಾ ಇದ್ದರೆ ಕೊಳವೆ ಹಸಿರು, ಇಲ್ಲದಿದ್ದರೆ ಹಳದಿ. ನೈಟ್ರೈಟಿನದು ತಿಳಿನೀಲಿಯಿಂದ ನೇರಳೆಗೆ ತಿರುಗುತ್ತದೆ. ಅಮೋನಿಯಾ 0.5ಕ್ಕಿಂತ ಇಳಿದಾಗಲೆಲ್ಲ ಮತ್ತೆ 10 ಮಿಲೀ. ನಡುವೆ ನೈಟ್ರೈಟ್ ಏರಿ, ಕೊಳವೆ ಕಡುನೇರಳೆಯಾಗಿ ವಾರಗಟ್ಟಲೆ ಹಾಗೆಯೇ ನಿಲ್ಲಬಹುದು. ಜನ ತಾಳ್ಮೆಗೆಟ್ಟು ಮೀನು ತರುವುದು ಇಲ್ಲಿಯೇ. 5 ಪಿಪಿಎಂ ದಾಟಿದರೆ ಅರ್ಧ ನೀರು ಬದಲಿಸಿ, ಇಳಿಯುವವರೆಗೆ ಅಮೋನಿಯಾ ಹಾಕಬೇಡಿ.

10 ಮಿಲೀ ಹಾಕಿದ 24 ಗಂಟೆಯ ನಂತರ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ಬಂದರೆ ಸೈಕಲ್ ಮುಗಿದಂತೆ. ನೈಟ್ರೇಟ್ ಕಂಡಿತೆಂದು ಮುಗಿಯಿತು ಅನ್ನಬೇಡಿ. ಬೋರ್‌ವೆಲ್ ನೀರಿನಲ್ಲಿ ಅದು ಮೊದಲೇ ಇರಬಹುದು, ಆರಂಭದಲ್ಲೇ ಒಮ್ಮೆ ಅಳೆದಿಡಿ. ಕೊನೆಗೆ ಮುಕ್ಕಾಲು ನೀರು ಬದಲಿಸಿ ನಾಲ್ಕೈದು ಸಣ್ಣ ಮೀನು ಬಿಡಿ. ರೋಗವಿಲ್ಲದ ಹಳೆಯ ತೊಟ್ಟಿಯ ಸ್ಪಂಜಿನ ತುಂಡು ಸಿಕ್ಕರೆ, ಒಣಗದಂತೆ ಅದೇ ನೀರಿನಲ್ಲಿ ತಂದು ನಿಮ್ಮ ಫಿಲ್ಟರಿಗೆ ಸೇರಿಸಿ. ಒಂದೆರಡು ವಾರದಲ್ಲೇ ಕೆಲಸ ಆಗಬಹುದು.

ಪ್ರ: ಬಾವಿ ನೀರು ತುಂಬಿಸಿದ್ದೇನೆ. ಮೊದಲು ಇಳಿಯುತ್ತಿದ್ದ ಅಮೋನಿಯಾ ಮೂರನೇ ವಾರದಿಂದ ಕದಲುತ್ತಿಲ್ಲ. ಪಿಎಚ್ 6.
– ಓದುಗರು, ತೀರ್ಥಹಳ್ಳಿ

ಉ: ಪಿಎಚ್ ಕುಸಿದಿದೆ, ಅದರಿಂದ ಬ್ಯಾಕ್ಟೀರಿಯಾದ ಕೆಲಸ ಮಂದವಾಗಿದೆ. ಬ್ಯಾಕ್ಟೀರಿಯಾ ಅಮೋನಿಯಾ ತಿನ್ನುತ್ತ ನೀರಿನ ಕ್ಷಾರವನ್ನೂ ಸವೆಸುತ್ತವೆ. ಮಲೆನಾಡಿನ ಮೆದು ನೀರಿನಲ್ಲಿ ಅದು ಮೊದಲೇ ಕಡಿಮೆ. 50 ಲೀಟರಿಗೆ 3 ಗ್ರಾಂ ಅಡುಗೆ ಸೋಡಾ ಕರಗಿಸಿ ಹಾಕಿ, ಮಾರನೆಯ ದಿನ ಪಿಎಚ್ ನೋಡಿ. 7ರ ಮೇಲೆ ನಿಂತರೆ ಸಾಕು.

ಪ್ರ: ಪ್ರತಿ ವಾರ ಸ್ಪಂಜನ್ನು ನಲ್ಲಿ ಕೆಳಗೆ ಹಿಂಡಿ ತೊಳೆಯುತ್ತೇನೆ, ಅಂಗಡಿಯವರು ಕೊಟ್ಟ ನೀಲಿ ಔಷಧಿಯನ್ನೂ ಹಾಕುತ್ತೇನೆ. ನೈಟ್ರೈಟ್ ಇಳಿಯುತ್ತಲೇ ಇಲ್ಲ.
– ಓದುಗರು, ಬೆಂಗಳೂರು

ಉ: ಎರಡನ್ನೂ ನಿಲ್ಲಿಸಿ. ನಲ್ಲಿ ನೀರಿನ ಕ್ಲೋರಿನ್ ಬ್ಯಾಕ್ಟೀರಿಯಾ ಕೊಲ್ಲುತ್ತದೆ. ಆ ನೀಲಿ ಔಷಧಿ ಮೆಥಿಲೀನ್ ಬ್ಲೂ ಆಗಿದ್ದರೆ ಅದೂ ಅವಕ್ಕೆ ಕೇಡು. ಸೈಕಲ್ ಮುಗಿಯುವವರೆಗೆ ಸ್ಪಂಜು ಮುಟ್ಟಬೇಡಿ. ಆಮೇಲೂ ತೊಟ್ಟಿಯಿಂದ ತೆಗೆದ ನೀರಿನ ಬಕೆಟ್‌ನಲ್ಲೇ ಅದ್ದಿ, ಮೆತ್ತಗೆ ಎರಡು ಸಲ ಹಿಂಡಿ. ಸ್ಪಂಜಿನ ಮೇಲಿನ ಆ ಕಂದು ಲೋಳೆ ಪೂರ್ತಿ ಹೋಗಕೂಡದು.