ಬೇಸಿಗೆ ರಜೆಯಲ್ಲಿ ಪುಟ್ಟ ಮಕ್ಕಳ ಜೊತೆ ಕಾಗದದ ಗೂಡುದೀಪ ಮಾಡುವುದು ಹೇಗೆ?

ಮಗಳಿಗೆ ನಾಲ್ಕು ವರ್ಷ, ಮಗನಿಗೆ ಏಳು ಅಂದಿದ್ದೀರಿ. ಬಲೂನಿನ ಮೇಲೆ ಕಾಗದ ಅಂಟಿಸಿ ಮಾಡಿದ ಗೂಡುದೀಪ ಮುದುಡಿಹೋಯಿತು, ಇದಕ್ಕಿಂತ ಸುಲಭದ್ದು ಏನಿದೆ, ಒಳಗೆ ಮೇಣದಬತ್ತಿ ಇಡಬಹುದಾ ಅಂತ ಕೇಳಿದ್ದೀರಿ. ರಜೆ ಬಂದರೆ ನಾನು ಮೈಸೂರಿನಲ್ಲಿ ಈ ವಯಸ್ಸಿನ ಮಕ್ಕಳಿಗೆ ಕೈಕೆಲಸ ಹೇಳಿಕೊಡುತ್ತೇನೆ. ಅದರಿಂದ ಗೊತ್ತಾಗಿದ್ದನ್ನು ಬರೆಯುತ್ತಿದ್ದೇನೆ.

ಮೊದಲು ಮೇಣದಬತ್ತಿ ವಿಷಯ. ಬೇಡವೇ ಬೇಡ. ಗಾಜಿನ ಲೋಟದಲ್ಲಿಟ್ಟರೂ ಬೇಡ. ಏಪ್ರಿಲ್-ಮೇನಲ್ಲಿ ಸಂಜೆ ಹೊತ್ತು ಮಳೆಗಾಳಿ ಯಾವಾಗ ಎದ್ದೀತು ಹೇಳಕ್ಕಾಗಲ್ಲ. ಹಬ್ಬಕ್ಕೆ ತಂದ ಸೀರಿಯಲ್ ಸೆಟ್ ಇದೆಯಲ್ಲ ಅಂತ ಅದನ್ನೂ ಒಳಗೆ ತುರುಕಬೇಡಿ. ಅದು ನೇರ 230 ವೋಲ್ಟ್ ಪ್ಲಗ್ಗಿಗೆ ಹಾಕುವಂಥದ್ದು, ಮಕ್ಕಳು ಕೈಯಲ್ಲಿ ಹಿಡಿದು ಓಡಾಡುವುದಕ್ಕಲ್ಲ. ಅಂಗಡಿಯಲ್ಲಿ ಸಿಗುವ ಪುಟ್ಟ ಎಲ್‌ಇಡಿ ದೀಪಗಳಲ್ಲೂ ಒಂದು ತೊಂದರೆ ಇದೆ. ಎಷ್ಟೋ ದೀಪಗಳಲ್ಲಿ ನಾಣ್ಯದಂಥ ಬಟನ್ ಸೆಲ್ ಇರುತ್ತದೆ. ಮುಚ್ಚಳ ಉಗುರಲ್ಲಿ ಎತ್ತಿದರೆ ಬಂದುಬಿಡುತ್ತದೆ. ಮಗು ಅದನ್ನು ನುಂಗಿ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಒಳಗೆ ಸುಟ್ಟ ಗಾಯ ಆಗಬಹುದು. ನುಂಗಿದ ಅನುಮಾನ ಬಂದರೂ ಸಾಕು, ಕಾಯದೆ ಆಸ್ಪತ್ರೆಗೆ ಓಡಬೇಕು. ಅದಕ್ಕೇ ನಾನು ಗೋಡೆ ಗಡಿಯಾರಕ್ಕೆ ಹಾಕುವ ಸೆಲ್‌ನಲ್ಲಿ ಉರಿಯುವ ಸಣ್ಣ ದೀಪದ ಸರ ಬಳಸುತ್ತೇನೆ. ಸೆಲ್ ಡಬ್ಬಿಯ ಮುಚ್ಚಳಕ್ಕೆ ಸ್ಕ್ರೂ ಇದೆಯಾ ನೋಡಿಕೊಂಡು ತನ್ನಿ.

ಇನ್ನು ಮಾಡುವ ಬಗೆ. ನನ್ನ ಪ್ರಕಾರ ಇಬ್ಬರಿಗೂ ಒಂದೇ ಬಗೆಯ ಗೂಡುದೀಪ ಮಾಡಲು ಕೊಡಬಾರದು. ಏಳರವನ ಕೈಯಲ್ಲಿ ಕತ್ತರಿ ಓಡುತ್ತದೆ, ನಾಲ್ಕರವಳ ಕೈಯಲ್ಲಿ ಓಡಲ್ಲ. ಒಂದೇ ಕೆಲಸ ಕೊಟ್ಟರೆ ತಂಗಿಯದನ್ನು ಕೊನೆಗೆ ನೀವೇ ಕತ್ತರಿಸುತ್ತೀರಿ, ಅವಳು ಎದ್ದು ಹೋಗುತ್ತಾಳೆ.

ಪುಟ್ಟಿಗೆ ಎಣ್ಣೆ ಕಾಗದದ ದೀಪ ಕೊಡಿ. ಒಂದು ಬಿಳಿ ಎ4 ಹಾಳೆ, ಅವಳಿಗೆ ಇಷ್ಟವಾದ ಚಿತ್ರ. ಮಾವಿನಹಣ್ಣು, ಬೆಕ್ಕು, ಸುಮ್ನೆ ಗೀಚಿದ ಗೆರೆ, ಏನಾದರೂ ಸರಿ. ಸ್ಕೆಚ್ ಪೆನ್ನಿನ ಬಣ್ಣದಲ್ಲಿ ಬೆಳಕು ಚೆನ್ನಾಗಿ ಹಾಯುತ್ತದೆ. ಕ್ರೇಯಾನ್ ದಪ್ಪಗೆ ಬಳಿದ ಕಡೆ ಸ್ವಲ್ಪ ಮಂಕು. ಕಪ್ಪು ಬಣ್ಣ ಮಾತ್ರ ಬಚ್ಚಿಡಿ. ಅದು ಬೆಳಕನ್ನೇ ನುಂಗಿಬಿಡುತ್ತದೆ. ಚಿತ್ರ ಆದಮೇಲೆ ಹಾಳೆ ಮಗುಚಿ, ಹತ್ತಿಯನ್ನು ಕೊಬ್ಬರಿ ಎಣ್ಣೆಯಲ್ಲಿ ಅದ್ದಿ ಹಿಂಡಿ ಅವಳ ಕೈಗೆ ಕೊಡಿ. ಹಿಂದುಗಡೆ ಒತ್ತುತ್ತಾ ಹೋಗಲಿ. ಹತ್ತಿ ಮುಟ್ಟಿದ ಕಡೆಯೆಲ್ಲ ಬಿಳಿ ಹಾಳೆ ಕಪ್ಪಾದಂತೆ ಕಾಣುತ್ತದೆ. ಅದನ್ನು ಎತ್ತಿ ಕಿಟಕಿಗೆ ಹಿಡಿದರೆ ಅದೇ ಜಾಗದಲ್ಲಿ ಬೆಳಕು ಒಳಗೆ ಬರುತ್ತದೆ. ಮಕ್ಕಳು ಇಲ್ಲೇ ನಿಂತುಬಿಡುತ್ತಾರೆ. ಹಾಳೆ ಇಳಿಸುತ್ತಾರೆ, ಮತ್ತೆ ಒಂದು ಚುಕ್ಕೆ ಎಣ್ಣೆ ಒತ್ತುತ್ತಾರೆ, ಮತ್ತೆ ಕಿಟಕಿಗೆ ಹಿಡಿಯುತ್ತಾರೆ. ಅವಸರ ಮಾಡಬೇಡಿ. ಯಾಕೆ ಹೀಗಾಗುತ್ತದೆ ಅಂತ ಅಣ್ಣ ಕೇಳಿದರೆ ಹೇಳಿ: ಕಾಗದದ ನಾರಿನ ಮಧ್ಯೆ ಗಾಳಿ ತುಂಬಿರುತ್ತದೆ, ಬೆಳಕು ಅಲ್ಲಿ ಚದುರಿ ವಾಪಸ್ ಬರುತ್ತದೆ. ಆ ಜಾಗದಲ್ಲಿ ಎಣ್ಣೆ ಸೇರಿಕೊಂಡರೆ ಬೆಳಕು ಚದುರುವುದು ಕಡಿಮೆಯಾಗಿ ಆಚೆ ದಾಟಿಕೊಳ್ಳುತ್ತದೆ.

ಇದರಲ್ಲಿ ಎರಡು ಎಚ್ಚರ. ಹಾಳೆಯ ಎರಡು ಗಿಡ್ಡ ಅಂಚುಗಳಲ್ಲಿ ಎರಡು ಸೆಂಟಿಮೀಟರ್‌ನಷ್ಟು ಎಣ್ಣೆ ತಾಗಿಸಬೇಡಿ. ಎಣ್ಣೆ ಬಿದ್ದ ಕಡೆ ಅಂಟು ಹಿಡಿಯುವುದಿಲ್ಲ. ಮತ್ತೆ, ಒಣಗಿಸಲು ಹಳೇ ದಿನಪತ್ರಿಕೆ ಮೇಲೆ ಇಟ್ಟರೆ ಅದರ ಮಸಿ ಹಾಳೆಗೆ ಹತ್ತಬಹುದು. ಹಳೇ ಹತ್ತಿ ಪಂಚೆಯ ತುಂಡು ವಾಸಿ. ಮೇಲೊಂದು ತುಂಡು, ಕೆಳಗೊಂದು ತುಂಡು ಇಟ್ಟು ಅಂಗೈಯಲ್ಲಿ ಒತ್ತಿದರೆ ಜಾಸ್ತಿ ಎಣ್ಣೆ ಬಟ್ಟೆಗೆ ಬರುತ್ತದೆ. ಆಮೇಲೆ ಹಾಳೆ ಸುತ್ತಿ ಅಂಚು ಅಂಟಿಸಿ, ಮೇಲೆ ಎದುರುಬದುರು ಎರಡು ತೂತು ಮಾಡಿ ದಾರ ಕಟ್ಟಿ. ಎಣ್ಣೆ ಕಾಗದ ಬೇಗ ಹತ್ತಿಕೊಳ್ಳುತ್ತದೆ, ಬೆಂಕಿಯ ಹತ್ತಿರ ಇಡಲೇಬಾರದು.

ಮಗನಿಗೆ ಸೀಳು ಗೂಡುದೀಪ. ಬಣ್ಣದ ಎ4 ಹಾಳೆ ತಗೊಂಡು ಉದ್ದ ಅಂಚುಗಳು ಒಂದರ ಮೇಲೊಂದು ಬರುವಂತೆ ಮಡಿಸಿ. ಬಿಡಿ ಅಂಚಿನಿಂದ ಎರಡೂವರೆ ಸೆಂಟಿಮೀಟರ್ ಒಳಗೆ ಕೆಂಪು ಸ್ಕೆಚ್ ಪೆನ್ನಲ್ಲಿ ದಪ್ಪ ಗೆರೆ ಎಳೆಯಿರಿ. ಮಡಿಕೆಯ ಕಡೆಯಿಂದ ಆ ಗೆರೆಯವರೆಗೆ, ಸುಮಾರು ಎರಡೆರಡು ಸೆಂಟಿಮೀಟರ್ ಅಂತರದಲ್ಲಿ ಸೀಳಬೇಕು. ಮಕ್ಕಳು ಎಡವುವುದು ಗೆರೆಯ ಹತ್ತಿರ. ಕತ್ತರಿ ಓಡುತ್ತಾ ಇದ್ದರೆ ನಿಲ್ಲಿಸಲು ಮನಸ್ಸೇ ಬರಲ್ಲ. ‘ಕೆಂಪು ಗೆರೆ ಸ್ಟೇಷನ್, ರೈಲು ಅಲ್ಲೇ ನಿಲ್ಲಬೇಕು’ ಅಂತ ನಾನು ಹೇಳುತ್ತೇನೆ. ಆಮೇಲೆ ಅವರೇ ಕೂಗುತ್ತಾ ಕತ್ತರಿಸುತ್ತಾರೆ. ಹೆಬ್ಬೆರಳು ಮೇಲಕ್ಕೆ ಇದೆಯಾ ನೋಡಿ. ಕೈ ತಿರುಚಿಕೊಂಡಿದ್ದರೆ ಸೀಳು ಓರೆಯಾಗುತ್ತದೆ. ಎಡಗೈ ಮಗುವಾದರೆ ಎಡಗೈ ಕತ್ತರಿಯನ್ನೇ ಕೊಡಿ, ಬಲಗೈಯದರಲ್ಲಿ ಗೆರೆ ಕಾಣದೆ ಒದ್ದಾಡುತ್ತಾರೆ. ಓರೆ ಸೀಳಿಗೆ ಬೈಯಬೇಡಿ. ಕೆಲವು ಅಗಲ, ಕೆಲವು ಸಪೂರ ಇದ್ದರೆ ಗೋಡೆ ಮೇಲೆ ಬೀಳುವ ನೆರಳು ಇನ್ನೂ ಚೆಂದ.

ಹಾಳೆ ಬಿಡಿಸಿ, ಸೀಳುಗಳು ಮೇಲಿಂದ ಕೆಳಕ್ಕೆ ಬರುವಂತೆ ಸುತ್ತಿ ಅಂಟಿಸಿದರೆ ಸುಮಾರು ಒಂಬತ್ತು ಸೆಂಟಿಮೀಟರ್ ಅಗಲದ ಕೊಳವೆ ಆಗುತ್ತದೆ. ಹೆಚ್ಚಿನವರು ಇಲ್ಲಿಗೇ ಬಿಟ್ಟುಬಿಡುತ್ತಾರೆ. ಹಾಗಾಗಿ ಗೂಡು ಮಧ್ಯಕ್ಕೆ ಉಬ್ಬದೆ ಚಪ್ಪಟೆಯಾಗಿ ನಿಲ್ಲುತ್ತದೆ, ಗಾಳಿಗೆ ಮುದುಡುತ್ತದೆ. ಒಳಗೊಂದು ಹಳದಿ ಕಾಗದದ ಕೊಳವೆ ಬೇಕು. ಅದರ ಎತ್ತರ 17 ಸೆಂಟಿಮೀಟರ್ ಸಾಕು, ಹೊರಗಿನದು 21. ಒಳಗಿನದರ ಮೇಲಂಚಿಗೆ ಹೊರಗಿನದರ ಮೇಲಂಚು, ಕೆಳಗಂಚಿಗೆ ಕೆಳಗಂಚು ಸೇರಿಸಿ ಅಂಟಿಸಿ. ಮಿಕ್ಕ ನಾಲ್ಕು ಸೆಂಟಿಮೀಟರ್ ಹೋಗಲು ಜಾಗವಿಲ್ಲದೆ ಹೊಟ್ಟೆ ತಾನಾಗಿಯೇ ಹೊರಗೆ ಬರುತ್ತದೆ. ದೀಪದ ಸರವೂ ಆ ಹಳದಿಯ ಹಿಂದೆ ಅಡಗುತ್ತದೆ.

ಫ್ಯಾನ್ ಆಫ್ ಮಾಡಿ ಅಂತ ಬೇರೆ ಹೇಳಬೇಕಾ? ಹೇಳಲೇಬೇಕು. ಬೇಸಿಗೆಯಲ್ಲಿ ಮೇಲೆ ಫ್ಯಾನ್ ತಿರುಗುತ್ತಿದ್ದರೆ ತೆಳು ಕಾಗದ ಒಂದು ಕಡೆ ನಿಲ್ಲಲ್ಲ. ಫ್ಯಾನ್ ಇಲ್ಲದಿದ್ದರೆ ಮಕ್ಕಳು ನಿಲ್ಲಲ್ಲ. ಹಾಗಾಗಿ ಬೆಳಿಗ್ಗೆ ತಿಂಡಿ ಆದ ತಕ್ಷಣ, ಬಿಸಿಲು ಏರುವ ಮೊದಲು ಕೂರಿಸಿ. ಕತ್ತರಿಸಿ ಅಂಟಿಸುವುದು ಬೆಳಿಗ್ಗೆ, ದೀಪ ಹಾಕುವುದು ಸಂಜೆ. ಮೇನಲ್ಲಿ ನಮ್ಮ ಕಡೆ ಸೂರ್ಯ ಮುಳುಗುವುದು ಆರೂವರೆ ದಾಟಿದ ಮೇಲೆ. ಏಳು ಗಂಟೆ ಹೊತ್ತಿಗೆ ಕತ್ತಲಾಗುತ್ತದೆ, ಮಕ್ಕಳಿಗೆ ಇನ್ನೂ ನಿದ್ದೆ ಬಂದಿರುವುದಿಲ್ಲ. ಮಳೆ ಬರುವ ಹಾಗಿದ್ದರೆ ಬಾಲ್ಕನಿಯಿಂದ ಒಳಗೆ ತನ್ನಿ. ಕರೆಂಟ್ ಹೋದರಂತೂ ಇನ್ನೂ ಒಳ್ಳೆಯದು.

ಬಲೂನಿಂದು ಯಾಕೆ ಮುದುಡಿತು ಅಂದರೆ, ಬಹುಶಃ ಕಾಗದ ಒಂದೇ ಪದರ ಇತ್ತು, ಇಲ್ಲವೇ ಒಳಪದರ ಒಣಗುವ ಮೊದಲೇ ಬಲೂನು ಒಡೆದಿರಿ. ಮೂರು ಪದರವಾದರೂ ಬೇಕು. ಬೇಗ ಒಣಗಲಿ ಅಂತ ಬಿಸಿಲಿಗೆ ಇಡಬಾರದು. ಒಳಗಿನ ಗಾಳಿ ಹಿಗ್ಗಿ ಬಲೂನು ಒಡೆಯಬಹುದು. ನೆರಳಲ್ಲಿ ನೇತುಹಾಕಿ ಇಡೀ ದಿನ ಬಿಡಬೇಕು, ಕರಾವಳಿಯ ಸೆಕೆಯಲ್ಲಾದರೆ ಇನ್ನೂ ಜಾಸ್ತಿ. ಅಂಟಿಗೆ ಎರಡು ಚಮಚ ಮೈದಾ, ಅರ್ಧ ಲೋಟ ತಣ್ಣೀರಲ್ಲಿ ಗಂಟಿಲ್ಲದಂತೆ ಕಲಸಿ ಸಣ್ಣ ಉರಿಯಲ್ಲಿ ಕಾಯಿಸಿದರೆ ಸಾಕು. ಹುಳ ಹಿಡಿಯದಿರಲಿ ಅಂತ ಪುಸ್ತಕ ಕಟ್ಟುವವರು ಇದಕ್ಕೆ ಮೈಲುತುತ್ತ ಹಾಕುತ್ತಿದ್ದರು. ಅದು ವಿಷ, ಮಕ್ಕಳು ಮುಟ್ಟುವ ಅಂಟಿಗೆ ಬೇಡ. ಒಡೆದ ಬಲೂನಿನ ಚೂರು ಗಂಟಲಿಗೆ ಸಿಕ್ಕುವ ಭಯವೂ ಇದೆ, ಆದ್ದರಿಂದ ಈ ವಿಧಾನಕ್ಕೆ ಮಗಳು ಸ್ವಲ್ಪ ದೊಡ್ಡವಳಾಗಲಿ.

ಗೂಡುದೀಪ ದೀಪಾವಳಿಗಲ್ಲವಾ, ಬೇಸಿಗೆಯಲ್ಲಿ ಯಾಕೆ ಅಂತ ಮನೆಯಲ್ಲಿ ಯಾರಾದರೂ ಕೇಳಿದರೆ ಬುದ್ಧ ಪೂರ್ಣಿಮೆ ಇದೆ. ಸಾಮಾನ್ಯವಾಗಿ ಮೇನಲ್ಲಿ, ಮಕ್ಕಳ ರಜೆಯಲ್ಲೇ ಬರುತ್ತದೆ. ಶ್ರೀಲಂಕಾದಲ್ಲಿ ಆ ಹಬ್ಬಕ್ಕೆ ವೆಸಾಕ್ ಅನ್ನುತ್ತಾರೆ. ಬಿದಿರು ಕಡ್ಡಿಗೆ ತೆಳು ಬಣ್ಣದ ಕಾಗದ ಅಂಟಿಸಿ ಮನೆ ಮುಂದೆ, ಬೀದಿಯಲ್ಲಿ ಗೂಡುದೀಪ ತೂಗುಹಾಕುತ್ತಾರೆ, ನಮ್ಮ ಆಕಾಶಬುಟ್ಟಿಯ ಹಾಗೇ.

ಮಗನಿಗೆ ಹುಚ್ಚು ಹಿಡಿದರೆ ಮುಂದಿನದಕ್ಕೆ ತೆಂಗಿನ ಪೊರಕೆಯಿಂದ ಒಂದೇ ಅಳತೆಯ 12 ಕಡ್ಡಿ ಮುರಿದುಕೊಡಿ. ನಾಲ್ಕರಿಂದ ಒಂದು ಚೌಕ, ಅದರ ಮೂಲೆಗಳಿಂದ ಮೇಲೆ ನಾಲ್ಕು ಕಡ್ಡಿ ಒಂದು ತುದಿಗೆ, ಕೆಳಗೆ ನಾಲ್ಕು ಇನ್ನೊಂದು ತುದಿಗೆ. ಎಂಟು ತ್ರಿಕೋನ ಆಗುತ್ತವೆ. ಬರೀ ಚೌಕ ಕಟ್ಟಿ ಒತ್ತಿದರೆ ಒಂದು ಕಡೆ ವಾಲುತ್ತದೆ, ತ್ರಿಕೋನ ವಾಲುವುದಿಲ್ಲ. ಅದನ್ನು ಅವನೇ ಒತ್ತಿ ನೋಡಲಿ. ಗಂಟು ನೀವು ಹಾಕಿ, ಕಾಗದ ಅವನು ಅಂಟಿಸಲಿ. ಇದಕ್ಕೆ ಎಣ್ಣೆ ಹಾಳೆ ಆಗಲ್ಲ, ಗಾಳಿಪಟದ ಕಾಗದ ತನ್ನಿ. ಪ್ರತಿ ತ್ರಿಕೋನವನ್ನೂ ಕಡ್ಡಿಗಿಂತ ಒಂದು ಬೆರಳು ದೊಡ್ಡದಾಗಿ ಕತ್ತರಿಸಿದರೆ ಅಂಚು ಮಡಿಚಿ ಅಂಟಿಸಲು ಸಾಕಾಗುತ್ತದೆ. ಒಂದು ತ್ರಿಕೋನ ಮಾತ್ರ ಖಾಲಿ ಬಿಡಿ, ದೀಪ ಒಳಗಿಡಲು.