ಗುತ್ತಿಗೆದಾರರ ಎಂಜಿನಿಯರ್ ಇರುವಾಗ ಹೊರಗಿನವರ ತಪಾಸಣೆ ಏಕೆ ಬೇಕು?

ಕಟ್ಟಡದ ಬಲ ನಿಂತಿರುವ ಕೆಲಸಗಳು ಮುಗಿದ ಕೂಡಲೇ ಕಾಂಕ್ರೀಟಿನೊಳಗೆ ಮರೆಯಾಗುತ್ತವೆ. ಆದ್ದರಿಂದ ಅದಕ್ಕೂ ಮೊದಲೇ, ಕೆಲಸ ನಿಂತರೆ ತಮಗೇನೂ ನಷ್ಟವಿಲ್ಲದ ಒಬ್ಬರು ಸ್ಥಳದಲ್ಲಿ ನಿಂತು ನೋಡಬೇಕಾಗುತ್ತದೆ. ಗುತ್ತಿಗೆದಾರರ ಎಂಜಿನಿಯರ್ ಅಸಮರ್ಥರೆಂದಲ್ಲ. ಸೆಂಟ್ರಿಂಗ್ (ಕಾಂಕ್ರೀಟ್ ಗಟ್ಟಿಯಾಗುವವರೆಗೆ ಅದನ್ನು ಹೊರುವ ಹಲಗೆ-ಆಧಾರಗಳು) ಬಾಡಿಗೆ ಏರುತ್ತಿರುವಾಗ, ಕಾಂಕ್ರೀಟ್ ಲಾರಿ ಗೇಟಿನಲ್ಲಿ ಕಾಯುತ್ತಿರುವಾಗ, ತಮಗೆ ಸಂಬಳ ಕೊಡುವವರ ಕೆಲಸವನ್ನೇ ತಡೆಯುವುದು ಯಾರಿಗಾದರೂ ಕಷ್ಟ.

ತಾರಸಿಗೆ ಮೋಲ್ಡ್ ಹಾಕುವುದನ್ನೇ ನೋಡಿ. ತಪಾಸಕರು ಹಿಂದಿನ ದಿನವೇ ಬಂದು ಕಂಬಿಯ ದಪ್ಪ, ಅಂತರ ಮತ್ತು ಕಂಬಿಯನ್ನು ಹಲಗೆಯಿಂದ ಮೇಲೆತ್ತಿ ಹಿಡಿಯುವ ಕವರ್ ಬ್ಲಾಕುಗಳನ್ನು ನಕ್ಷೆಯೊಂದಿಗೆ ತಾಳೆ ನೋಡುತ್ತಾರೆ. ಸ್ಲ್ಯಾಬಿನಲ್ಲಿ ಸಾಮಾನ್ಯವಾಗಿ 20 ಮಿ.ಮೀ. ಇರುವ ಕಾಂಕ್ರೀಟ್ ಹೊದಿಕೆ ಸಿಗದೆ ಕಂಬಿ ಹಲಗೆಗೇ ತಾಗಿದ್ದರೆ, ಮುಂದೆ ತೇವ ತಗುಲಿ ಅದು ತುಕ್ಕು ಹಿಡಿದು ಉಬ್ಬುತ್ತದೆ, ಛಾವಣಿಯ ಒಳಗಾರೆ ಚಕ್ಕೆ ಚಕ್ಕೆಯಾಗಿ ಉದುರುತ್ತದೆ. ಮೋಲ್ಡ್‌ಗೆ ಮುಂಚೆ ಇದನ್ನು ಸರಿಪಡಿಸಲು ಬೇಕಾಗುವುದು ಒಂದಷ್ಟು ಬ್ಲಾಕುಗಳು ಮಾತ್ರ.

ಕಾಂಕ್ರೀಟ್ ಸುರಿಯುವಾಗ 150 ಮಿ.ಮೀ. ಅಳತೆಯ ಘನಗಳನ್ನು ಅಚ್ಚಿನಲ್ಲಿ ತುಂಬಿಸಿ, ನೀರಿನಲ್ಲಿಟ್ಟು, 28ನೇ ದಿನ ಪ್ರಯೋಗಾಲಯದಲ್ಲಿ ಒಡೆದು ಬಲವನ್ನು ಅಳೆಯುತ್ತಾರೆ. ಕಾಂಕ್ರೀಟ್ ಕಟ್ಟಡಗಳಿಗಿರುವ ಭಾರತೀಯ ಮಾನಕ ಐಎಸ್ 456ರ ಪ್ರಕಾರ ಕಾಂಕ್ರೀಟಿನ ದರ್ಜೆಯೆಂದರೆ ಈ ಬಲವೇ. ಆದರೆ ತಪಾಸಕರು ಕಣ್ಣೆದುರೇ ಮಾದರಿ ತೆಗೆಸಿ ಗುರುತು ಹಾಕದಿದ್ದರೆ ಆ ವರದಿಯನ್ನು ನಾನಂತೂ ನಂಬುವುದಿಲ್ಲ, ಏಕೆಂದರೆ ಘನಕ್ಕಷ್ಟೇ ಹೆಚ್ಚು ಸಿಮೆಂಟ್ ಬೆರೆಸುವ ಚಾಳಿ ಹೊಸದೇನಲ್ಲ.

ತಪಾಸಕರ ಶುಲ್ಕವನ್ನು ಮಾಲೀಕರೇ ನೇರವಾಗಿ ಕೊಡಬೇಕು. ಗುತ್ತಿಗೆದಾರರ ಕೈಯಿಂದ ಕೊಡಿಸಿದರೆ ತಪಾಸಕರೂ ಹೊರಗಿನವರಾಗಿ ಉಳಿಯುವುದಿಲ್ಲ.