ಮಿಯಾಟಾ ಕ್ಲಚ್ ಮನೆಯಲ್ಲೇ ಬದಲಿಸಬಹುದಾ?

ಪ್ರಶ್ನೆ: ನಾನಿರುವುದು ಅಮೆರಿಕದ ನ್ಯೂಜೆರ್ಸಿಯಲ್ಲಿ. ನನ್ನ ಹತ್ತಿರ 1995ರ ಮಜ್ದಾ ಮಿಯಾಟಾ ಇದೆ. ಏರು ಹತ್ತುವಾಗ ಆಕ್ಸಿಲರೇಟರ್ ಒತ್ತಿದರೆ ಇಂಜಿನ್ ಕೂಗುತ್ತದೆ, ಗಾಡಿ ಎಳೆಯುವುದಿಲ್ಲ. ಲಿಫ್ಟ್ ಇಲ್ಲದೆ ಮನೆಯಲ್ಲೇ ಕ್ಲಚ್ ಬದಲಿಸಬಹುದಾ?

ಉತ್ತರ: ಬದಲಿಸಬಹುದು. ಆದರೆ ಮೊದಲು ತೊಂದರೆ ಕ್ಲಚ್‌ನದ್ದೇ ಅಂತ ಖಚಿತ ಮಾಡಿಕೊಳ್ಳಿ. ನಾಲ್ಕನೇ ಗೇರಿನಲ್ಲಿ ನಿಧಾನಕ್ಕೆ ಹೋಗುತ್ತಾ ಪೂರ್ತಿ ಆಕ್ಸಿಲರೇಟರ್ ಕೊಡಿ. ಆರ್‌ಪಿಎಂ (ಇಂಜಿನ್ ಸುತ್ತುವ ವೇಗ) ಏರಿ ಗಾಡಿಯ ವೇಗ ಏರದಿದ್ದರೆ ಕ್ಲಚ್ ಪ್ಲೇಟ್ ಸವೆದಿದೆ, ಇಲ್ಲವೇ ಅದಕ್ಕೆ ಎಣ್ಣೆ ತಾಗಿದೆ. ಗೇರ್ ಬೀಳದೆ ಕರಕರ ಅನ್ನುವುದು ಬೇರೆ ಕಥೆ. ಆಗ ಮೊದಲು ಸ್ಲೇವ್ ಸಿಲಿಂಡರ್ (ಪೆಡಲ್ ಒತ್ತಿದಾಗ ದ್ರವದ ಒತ್ತಡದಿಂದ ಕ್ಲಚ್ ಬಿಡಿಸುವ ಭಾಗ) ನೋಡಬೇಕು. ಅದು ಸೋರುವುದು ಈ ಕಾರಿನ ಹಳೇ ಕಾಯಿಲೆ, ಗೇರ್‌ಬಾಕ್ಸ್ ಇಳಿಸದೇ ಸರಿ ಮಾಡಬಹುದು.

ಕಾರನ್ನು ನಾಲ್ಕೂ ಕಡೆ ಗಟ್ಟಿ ಸ್ಟ್ಯಾಂಡ್ ಮೇಲೆ ನಿಲ್ಲಿಸಿ. ಬರೀ ಜಾಕ್ ನಂಬಿ ಅಡಿಗೆ ಹೋಗಲೇಬೇಡಿ. ಬ್ಯಾಟರಿ ಕಳಚಿ, ಗೇರ್ ಆಯಿಲ್ ಇಳಿಸಿ. ಒಳಗಿನಿಂದ ಗೇರ್ ಲಿವರ್, ಕೆಳಗಿನಿಂದ ಮುಂದಿನ ಎಕ್ಸಾಸ್ಟ್ ಪೈಪ್, ಪ್ರೊಪೆಲ್ಲರ್ ಶಾಫ್ಟ್ (ಗೇರ್‌ಬಾಕ್ಸಿನಿಂದ ಹಿಂದಕ್ಕೆ ಶಕ್ತಿ ಒಯ್ಯುವ ಉದ್ದನೆಯ ದಂಡ), ಸ್ಟಾರ್ಟರ್ ಬಿಚ್ಚಬೇಕು. ಸ್ಲೇವ್ ಸಿಲಿಂಡರನ್ನು ಪೈಪ್ ಸಮೇತ ಪಕ್ಕಕ್ಕೆ ಕಟ್ಟಿಡಿ. ಆಮೇಲೆ ಯಾರೂ ಪೆಡಲ್ ಒತ್ತಬಾರದು, ಪಿಸ್ಟನ್ ಹಾರಿ ಹೊರಬರುತ್ತದೆ.

ಮಿಯಾಟಾದಲ್ಲಿ ಗೇರ್‌ಬಾಕ್ಸಿಗೂ ಡಿಫರೆನ್ಷಿಯಲಿಗೂ (ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಭಾಗ) ನಡುವೆ ಉದ್ದನೆಯ ಅಲ್ಯೂಮಿನಿಯಂ ಫ್ರೇಮ್ ಇದೆ. ಅದನ್ನು ಬಿಚ್ಚಿದ ಕೂಡಲೇ ಗೇರ್‌ಬಾಕ್ಸಿನ ಬಾಲ ಜೋಲುತ್ತದೆ, ಹಾಗಾಗಿ ಮೊದಲೇ ಅಡಿಗೆ ಜಾಕ್ ಕೊಡಿ. ಗೇರ್‌ಬಾಕ್ಸನ್ನು ಇಂಜಿನ್ನಿಗೆ ಹಿಡಿದಿರುವ ಮೇಲಿನ ಬೋಲ್ಟುಗಳಿಗೆ ಕೈ ಹೋಗಲ್ಲ, ಉದ್ದದ ಎಕ್ಸ್‌ಟೆನ್ಷನ್‌ಗಳನ್ನು ಜೋಡಿಸಿ ಹಿಂದಿನಿಂದ ತಿರುಗಿಸಬೇಕು. ಗೇರ್‌ಬಾಕ್ಸ್ ಇಳಿಸುವಾಗ ಇನ್ನೊಬ್ಬರು ಇರಲೇಬೇಕು.

ಇಷ್ಟು ಕಷ್ಟಪಟ್ಟು ಇಳಿಸಿ ಪ್ಲೇಟ್ ಒಂದನ್ನೇ ಬದಲಿಸುವುದು ಖಂಡಿತ ಬೇಡ. ಪ್ರೆಷರ್ ಪ್ಲೇಟ್ (ಕ್ಲಚ್ ಪ್ಲೇಟನ್ನು ಒತ್ತಿ ಹಿಡಿಯುವುದು), ರಿಲೀಸ್ ಬೇರಿಂಗ್ (ಆ ಹಿಡಿತ ಬಿಡಿಸುವುದು), ಪೈಲಟ್ ಬೇರಿಂಗ್ (ಗೇರ್‌ಬಾಕ್ಸ್ ಶಾಫ್ಟಿನ ತುದಿಗೆ ಆಸರೆ), ಇಂಜಿನ್ನಿನ ಹಿಂದಿನ ಆಯಿಲ್ ಸೀಲ್, ಎಲ್ಲವನ್ನೂ ಹೊಸದು ಹಾಕಿ. ಹಳೇ ಸೀಲ್ ಆಮೇಲೆ ಸೋರಿದರೆ ಹೊಸ ಪ್ಲೇಟೂ ಹಾಳು, ಕೆಲಸವೂ ಮೊದಲಿನಿಂದ. ಫ್ಲೈವೀಲ್ (ಇಂಜಿನ್ನಿನ ಹಿಂದೆ ಕ್ಲಚ್ ಕೂರುವ ಭಾರದ ಚಕ್ರ) ಮೇಲೆ ನೀಲಿ ಕಲೆ, ಸಣ್ಣ ಬಿರುಕು ಕಂಡರೆ ಲೇತ್‌ನಲ್ಲಿ ಮೇಲ್ಮೈ ತೆಗೆಸಿ. ಬಿರುಕು ಆಳವಾಗಿದ್ದರೆ ಬದಲಿಸಿ. ನಿಮ್ಮದು 1.8 ಲೀಟರ್ ಇಂಜಿನ್, 215 ಎಂಎಂ ಕ್ಲಚ್. 1993ರವರೆಗಿನ 1.6 ಲೀಟರ್ ಇಂಜಿನ್ನಿಗೆ ಬರುವುದು 200 ಎಂಎಂ, ಕೊಳ್ಳುವಾಗ ನೋಡಿಕೊಳ್ಳಿ.

ಜೋಡಿಸುವ ಮೊದಲು ಫ್ಲೈವೀಲನ್ನೂ ಪ್ರೆಷರ್ ಪ್ಲೇಟನ್ನೂ ಬ್ರೇಕ್ ಕ್ಲೀನರ್‌ನಿಂದ ಒರೆಸಿ, ಗ್ರೀಸ್ ಮೆತ್ತಿದ ಕೈಯಲ್ಲಿ ಮುಟ್ಟಬೇಡಿ. ಪ್ಲೇಟಿನ ಸ್ಪ್ರಿಂಗ್ ಉಬ್ಬಿರುವ ಕಡೆ ಗೇರ್‌ಬಾಕ್ಸಿನತ್ತ ಇರಲಿ. ಅಲೈನ್‌ಮೆಂಟ್ ಟೂಲ್ ತೂರಿಸಿ ಪ್ಲೇಟನ್ನು ನಡುವಿಗೆ ಕೂರಿಸಿದ ಮೇಲೆ, ಪ್ರೆಷರ್ ಪ್ಲೇಟಿನ ಬೋಲ್ಟುಗಳನ್ನು ಎದುರು-ಬದುರಾಗಿ ಸ್ವಲ್ಪಸ್ವಲ್ಪವೇ ಬಿಗಿ ಮಾಡಿ. ಕೊನೆಗೆ ಮ್ಯಾನ್ಯುಯಲ್ ಹೇಳುವ ಲೆಕ್ಕಕ್ಕೆ ಟಾರ್ಕ್ ವ್ರೆಂಚ್ (ಬಿಗಿ ಎಷ್ಟೆಂದು ಅಳೆಯುವ ಸ್ಪ್ಯಾನರ್) ಹಾಕಿ.

ಗೇರ್‌ಬಾಕ್ಸ್ ಪೂರ್ತಿ ಕೂರದಿದ್ದರೆ ಬೋಲ್ಟ್ ಬಿಗಿದು ಎಳೆಯಬೇಡಿ. ಹೌಸಿಂಗ್ ಒಡೆಯುತ್ತದೆ, ಪ್ಲೇಟಿನ ನಡುಭಾಗ ಸೊಟ್ಟಗಾಗುತ್ತದೆ. ಜಾಕ್‌ನಿಂದ ಕೋನ ಸರಿಮಾಡಿ, ಗೇರ್‌ಬಾಕ್ಸಿನ ಹಿಂದಿನ ಶಾಫ್ಟನ್ನು ಕೊಂಚ ತಿರುಗಿಸಿ. ಹಲ್ಲು ಕೂತರೆ ತಾನಾಗೇ ಜಾರುತ್ತದೆ. ಫ್ರೇಮ್ ವಾಪಸ್ ಹಾಕುವಾಗ ಗೇರ್‌ಬಾಕ್ಸಿನ ಎತ್ತರ ಮ್ಯಾನ್ಯುಯಲ್‌ನಂತೆಯೇ ಇಡಿ, ಇಲ್ಲದಿದ್ದರೆ ಗಾಡಿ ಅದುರುತ್ತದೆ.

ಸ್ಟ್ಯಾಂಡ್‌ನಿಂದ ಇಳಿಸುವ ಮುಂಚೆ ಗೇರ್ ಆಯಿಲ್ ತುಂಬಿದ್ದೀರಾ ನೋಡಿ. ಮೊದಲ 800 ಕಿ.ಮೀ. ಊರೊಳಗೆ ಮೆತ್ತಗೆ ಓಡಿಸಿ, ಜೋರಾಗಿ ಎಗರಿಸಬೇಡಿ.